ಅಂಬಾಸಿಡರ್ ಎಂಜಿನ್‌ಗೆ ಹೊಸ ಕ್ಯಾಮ್‌ಶಾಫ್ಟ್ ಹಾಕಿದಿರಾ? ಮೊದಲ ಅರ್ಧ ಗಂಟೆ ಹೀಗೆ ಓಡಿಸಿ: ಸಮಗ್ರ ಮಾರ್ಗದರ್ಶಿ

ಸಿಲಿಂಡರ್ ಬೋರಿಂಗ್ ಆಗಿ, ಕ್ರ್ಯಾಂಕ್ ಗ್ರೈಂಡ್ ಆಗಿ, ಹೊಸ ಕ್ಯಾಮ್‌ಶಾಫ್ಟ್ (ಮೊಟ್ಟೆಯಾಕಾರದ ಲೋಬ್‌ಗಳಿಂದ ವಾಲ್ವ್ ತೆರೆಸುವ ದಂಡ) ಮತ್ತು ಹೊಸ ಟ್ಯಾಪೆಟ್ (ಲೋಬ್ ಮೇಲೆ ಕೂತು ಏರಿಳಿಯುವ ಪುಟ್ಟ ಭಾಗ) ಹಾಕಿ ಕಟ್ಟಿದ ಎಂಜಿನ್ ಮೊದಲ ಸಲ ಸ್ಟಾರ್ಟ್ ಆದಾಗ ನಮ್ಮ ಎಷ್ಟೋ ಗ್ಯಾರೇಜುಗಳಲ್ಲಿ ಕೇಳಿಬರುವ ಮಾತು ಒಂದೇ: "ಹೊಸ ಎಂಜಿನ್ ಸಾರ್, ರೇಸ್ ಮಾಡ್ಬೇಡಿ, ಸ್ಲೋನಲ್ಲೇ ಅರ್ಧ ಗಂಟೆ ಓಡ್ಲಿ." ಎಂಜಿನ್ ಮೇಲಿನ ಕಾಳಜಿಯಿಂದಲೇ ಬಂದ ಮಾತು ಅದು. ಆದರೆ ಹೊಸ ಕ್ಯಾಮ್‌ಶಾಫ್ಟಿಗೆ ಆ ಅರ್ಧ ಗಂಟೆಯ ಐಡ್ಲಿಂಗ್‌ಗಿಂತ ದೊಡ್ಡ ಶತ್ರು ಇಲ್ಲ. ಫ್ಲ್ಯಾಟ್ ಟ್ಯಾಪೆಟ್ ಇರುವ ಎಂಜಿನ್ ಸ್ಟಾರ್ಟ್ ಆದ ಕೂಡಲೇ 2000 ಆರ್‌ಪಿಎಂಗೆ ಏರಬೇಕು, ಅದರ ಆಸುಪಾಸಿನಲ್ಲೇ ಇಪ್ಪತ್ತರಿಂದ ಮೂವತ್ತು ನಿಮಿಷ ಇರಬೇಕು. ಕೆಳಗೆ ಬರೆದಿರುವುದೆಲ್ಲ ಈ ಒಂದು ಕೆಲಸ ನಡುವೆ ನಿಲ್ಲದೆ ಸಾಗಲು ಬೇಕಾದ ತಯಾರಿ.

ಇಲ್ಲಿ ಮುಂದಿಟ್ಟುಕೊಂಡಿರುವುದು ಅಂಬಾಸಿಡರ್‌ನ ಹಳೇ 1489 ಸಿಸಿ ಪೆಟ್ರೋಲ್ ಎಂಜಿನ್. ಬ್ರಿಟನ್ನಿನ ಬಿಎಂಸಿ ಕಂಪನಿಯ ಬಿ ಸೀರೀಸ್ ವಿನ್ಯಾಸ ಅದು. ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ದಶಕಗಟ್ಟಲೆ ತಯಾರಾಯಿತು. 2014ರಲ್ಲಿ ಅಂಬಾಸಿಡರ್ ನಿಂತರೂ ಕರ್ನಾಟಕದಲ್ಲಿ ಈ ಎಂಜಿನ್ ಕಟ್ಟುವವರು, ಕಟ್ಟಿಸುವವರು ಇನ್ನೂ ಇದ್ದಾರೆ. ಪ್ರೀಮಿಯರ್ ಪದ್ಮಿನಿಯ 1089 ಸಿಸಿ ಎಂಜಿನ್‌ಗೂ ಹಳೇ ಮಹೀಂದ್ರ ಜೀಪಿನ ಹರಿಕೇನ್ ಪೆಟ್ರೋಲ್ ಎಂಜಿನ್‌ಗೂ ಇದೇ ಕ್ರಮ. ಅಳತೆಗಳು ಮಾತ್ರ ಬೇರೆ. ಇಸುಜು 1800 ಎಂಜಿನ್ ಇರುವ ಅಂಬಾಸಿಡರ್‌ನಲ್ಲಿ ಕ್ಯಾಮ್ ಹೆಡ್ಡಿನಲ್ಲಿದೆ. ಅದರ ಕಥೆ ಬೇರೆ, ಇಲ್ಲಿ ಬೆರೆಸುವುದು ಬೇಡ.

ಐಡ್ಲಿಂಗ್ ಯಾಕೆ ಕೆಡಿಸುತ್ತದೆ

ಟ್ಯಾಪೆಟ್‌ನ ತಳ ನೋಡಲು ಚಪ್ಪಟೆ. ಸರಿಯಾಗಿ ತಯಾರಾದ ಟ್ಯಾಪೆಟ್‌ನಲ್ಲಿ ನಡುಭಾಗ ಅಂಚಿಗಿಂತ ಒಂದೆರಡು ಥೌ (ಇಂಚಿನ ಸಾವಿರದ ಒಂದು ಭಾಗ) ಉಬ್ಬಿರುತ್ತದೆ. ಕ್ಯಾಮ್‌ನ ಲೋಬ್ ಕೂಡ ಒಂದು ಕಡೆಯಿಂದ ಇನ್ನೊಂದು ಕಡೆಗೆ ಕೂದಲೆಳೆಯಷ್ಟು ಇಳಿಜಾರು. ಜೊತೆಗೆ ಲೋಬ್‌ನ ನಡು ಟ್ಯಾಪೆಟ್‌ನ ನಡುವಿಗೆ ನೇರವಾಗಿ ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕಿರುತ್ತದೆ. ಈ ಮೂರೂ ಸೇರಿ ಟ್ಯಾಪೆಟ್ ಮೇಲೆ ಕೆಳಗೆ ಆಡುವಾಗ ತನ್ನ ಸುತ್ತ ತಾನೂ ತಿರುಗುತ್ತದೆ. ಹಾಗೆ ತಿರುಗಿದರೆ ಸವೆತ ಇಡೀ ತಳಕ್ಕೆ ಹಂಚಿಹೋಗುತ್ತದೆ. ತಿರುಗದೆ ನಿಂತರೆ ಲೋಬ್ ಒಂದೇ ಗೆರೆಯ ಮೇಲೆ ಉಜ್ಜಿ, ಕೆಲವೇ ನಿಮಿಷಗಳಲ್ಲಿ ಗಟ್ಟಿ ಪದರ ಹೋಗಿ, ಎರಡೂ ಒಂದನ್ನೊಂದು ತಿನ್ನಲು ಶುರು ಮಾಡುತ್ತವೆ.

ಹೊಸದರಲ್ಲಿ ಎರಡರ ಮೇಲ್ಮೈಯೂ ಒರಟು. ಅವು ಒಂದಕ್ಕೊಂದು ಹೊಂದಿಕೊಳ್ಳುವ ತನಕ ನಡುವಿನ ಎಣ್ಣೆಯ ಪದರ ಬಹಳ ತೆಳು. ಆ ಎಣ್ಣೆಯಾದರೂ ಎಲ್ಲಿಂದ ಬರಬೇಕು? ಲೋಬ್ ಮತ್ತು ಟ್ಯಾಪೆಟ್ ನಡುವೆ ಪ್ರೆಶರ್ ಎಣ್ಣೆ ಬರುವ ದಾರಿಯೇ ಇಲ್ಲ. ತಿರುಗುವ ಕ್ರ್ಯಾಂಕ್ ಎರಚುವ ಎಣ್ಣೆ ಮತ್ತು ಮೇಲೆ ವಾಲ್ವ್ ಒತ್ತುವ ರಾಕರ್‌ಗಳಿಂದ ಪುಶ್‌ರಾಡ್ (ಟ್ಯಾಪೆಟ್‌ನಿಂದ ರಾಕರ್‌ಗೆ ಹೋಗುವ ಸರಳು) ತೂತುಗಳಲ್ಲಿ ಇಳಿದುಬರುವ ಎಣ್ಣೆ, ಇಷ್ಟೇ ಅದರ ಪಾಲು. 600 ಆರ್‌ಪಿಎಂನಲ್ಲಿ ಕ್ರ್ಯಾಂಕ್ ಎರಚುವ ಎಣ್ಣೆ ಅತ್ಯಲ್ಪ, 2000ದಲ್ಲಿ ಧಾರಾಳ.

ಇನ್ನೊಂದು ಸಂಗತಿ ಹಲವರಿಗೆ ಹೊಳೆಯುವುದೇ ಇಲ್ಲ. ವಾಲ್ವ್ ಸ್ಪ್ರಿಂಗ್‌ನ ಭಾರ ಲೋಬ್‌ನ ತುದಿಯ ಮೇಲೆ ಅತಿ ಹೆಚ್ಚು ಬೀಳುವುದು ನಿಧಾನ ಓಟದಲ್ಲೇ. ವೇಗ ಏರಿದಂತೆ ವಾಲ್ವ್, ರಾಕರ್, ಪುಶ್‌ರಾಡ್‌ಗಳು ಚಲಿಸುತ್ತಿರುವ ತಮ್ಮದೇ ರಭಸದಿಂದ ಆ ಭಾರದ ಒಂದಂಶವನ್ನು ಕಳೆಯುತ್ತವೆ. ಅಂದರೆ ಐಡ್ಲಿಂಗ್‌ನಲ್ಲಿ ಭಾರ ಹೆಚ್ಚು, ಎಣ್ಣೆ ಕಡಿಮೆ. ಹೊಸ ಲೋಬ್‌ಗೆ ಎರಡೂ ಒಟ್ಟಿಗೆ ಬಂದರೆ ಉಳಿಗಾಲವಿಲ್ಲ.

ಕಟ್ಟುವ ಮುನ್ನ: ಟ್ಯಾಪೆಟ್ ಪರೀಕ್ಷೆ

ಹೊಸ ಕ್ಯಾಮ್‌ಗೆ ಹಳೇ ಟ್ಯಾಪೆಟ್ ಹಾಕಲೇಬೇಡಿ. ನೋಡಲು ಕನ್ನಡಿಯಂತೆ ಹೊಳೆಯುತ್ತಿದ್ದರೂ ಅದು ಹಳೇ ಲೋಬ್‌ನ ಆಕಾರಕ್ಕೆ ಸವೆದುಕೊಂಡಿರುತ್ತದೆ. ಹಳೇ ಕ್ಯಾಮನ್ನೇ ಉಳಿಸಿಕೊಳ್ಳುವುದಾದರೆ ಯಾವ ಟ್ಯಾಪೆಟ್ ಯಾವ ಲೋಬ್ ಮೇಲಿತ್ತೋ ಅಲ್ಲಿಗೇ ಹೋಗಬೇಕು. ಬಿಚ್ಚುವಾಗಲೇ ರಟ್ಟಿನಲ್ಲಿ ಎಂಟು ತೂತು ಮಾಡಿ, ನಂಬರ್ ಬರೆದು, ಅದರಲ್ಲಿ ಸಿಕ್ಕಿಸಿಡಿ. ಸಾಲು ತಪ್ಪಿಹೋಗಿದ್ದರೆ ಎಂಟನ್ನೂ ಬದಲಿಸಿ.

ಹೊಸದು ಕೈಗೆ ಬಂದ ಮೇಲೆ ಈ ಪರೀಕ್ಷೆ ಮಾಡಿ. ಎರಡು ಟ್ಯಾಪೆಟ್ ತೆಗೆದುಕೊಂಡು ಬಟ್ಟೆಯಿಂದ ಒರೆಸಿ, ತಳಕ್ಕೆ ತಳ ತಾಗಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಬೆರಳಿನಿಂದ ಮೇಲಿನದನ್ನು ಮೆಲ್ಲಗೆ ಒತ್ತಿದರೆ ಅತ್ತಿತ್ತ ವಾಲಬೇಕು, ಅಂಚಿನ ಸುತ್ತ ಸಣ್ಣ ಬೆಳಕಿನ ಗೆರೆ ಕಾಣಬೇಕು. ಉಬ್ಬು ಇದೆ ಎಂಬುದಕ್ಕೆ ಅದೇ ಗುರುತು. ಎರಡೂ ಅಂಟಿದಂತೆ ಅಲುಗಾಡದೆ ಕೂತರೆ ತಳ ಪೂರಾ ಚಪ್ಪಟೆ, ಇಲ್ಲವೇ ಗುಳಿಬಿದ್ದಿದೆ. ಎರಡೂ ಬೇಡ. ಎಂಟನ್ನೂ ಒಂದೊಂದಾಗಿ ಜೋಡಿ ಮಾಡಿ ನೋಡಿ. ಹತ್ತು ನಿಮಿಷದ ಕೆಲಸ.

ಹಳೇ ಟ್ಯಾಪೆಟ್‌ನ ತಳವನ್ನು ಸರ್ಫೇಸ್ ಗ್ರೈಂಡರ್ ಮೇಲೆ ಉಜ್ಜಿಸಿ "ಹೊಸದರ ಹಾಗೆ ಮಾಡಿದ್ದೇವೆ" ಎಂದು ಕೊಟ್ಟರೆ ಒಪ್ಪಬೇಡಿ. ಆ ಯಂತ್ರ ಚಪ್ಪಟೆಯಾಗಿ ಉಜ್ಜುತ್ತದೆ, ಉಬ್ಬನ್ನು ಮಾಡಿಕೊಡುವುದಿಲ್ಲ. ಮೇಲಿನ ಗಟ್ಟಿ ಪದರವನ್ನೂ ತೆಳುವಾಗಿಸುತ್ತದೆ. ಗಡಸುತನದ ಬಗ್ಗೆ ಅನುಮಾನ ಇದ್ದರೆ ಎಂಜಿನ್ ವರ್ಕ್ಸ್‌ನಲ್ಲಿ ರಾಕ್‌ವೆಲ್ ಪರೀಕ್ಷೆ ಮಾಡಿಸಿ. ಸಿ ಸ್ಕೇಲಿನಲ್ಲಿ 55ರ ಸುತ್ತ ಅಥವಾ ಅದಕ್ಕಿಂತ ಮೇಲೆ ಇರಬೇಕು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಶಿವಾಜಿನಗರದ ಗುಜರಿಯಲ್ಲೋ ಹಳೇ ಸ್ಟಾಕ್ ಸಿಕ್ಕಿದರೂ ಇದೇ ಪರೀಕ್ಷೆ. ಪೆಟ್ಟಿಗೆ ಹಳೆಯದು ಎಂಬ ಒಂದೇ ಕಾರಣಕ್ಕೆ ಒಳಗಿನ ಮಾಲು ಒಳ್ಳೆಯದು ಎಂದುಕೊಳ್ಳಬಾರದು, ತುಕ್ಕಿನ ಚುಕ್ಕಿ ಇದ್ದರಂತೂ ಪಕ್ಕಕ್ಕಿಡಿ.

ಟ್ಯಾಪೆಟ್ ತನ್ನ ತೂತಿನಲ್ಲಿ ತನ್ನದೇ ಭಾರಕ್ಕೆ ಮೆಲ್ಲಗೆ ಇಳಿಯಬೇಕು, ಬೆರಳಲ್ಲಿ ತಿರುಗಿಸಿದರೆ ಸಲೀಸಾಗಿ ಸುತ್ತಬೇಕು. ಎಲ್ಲಾದರೂ ಹಿಡಿದರೆ ತೂತಿನ ಒಳಗೆ ವಾರ್ನಿಷ್ ಕಟ್ಟಿರುತ್ತದೆ, ಇಲ್ಲವೇ ಅಂಚಿನಲ್ಲಿ ಬರ್ (ಲೋಹದ ಮುಳ್ಳು) ಇರುತ್ತದೆ. ಸೀಮೆಎಣ್ಣೆ ಮತ್ತು ಗಟ್ಟಿ ನೈಲಾನ್ ಬ್ರಷ್‌ನಿಂದ ತಿಕ್ಕಿ ತೊಳೆಯಿರಿ. ಎಮೆರಿ ಪೇಪರ್ ಸುತ್ತಿ ತೂತು ಉಜ್ಜುವುದು ಬೇಡ, ತೂತು ದೊಡ್ಡದಾಗಿಬಿಡುತ್ತದೆ.

ಪೇಸ್ಟ್ ಎಲ್ಲಿ, ಎಣ್ಣೆ ಎಲ್ಲಿ

ಹೊಸ ಕ್ಯಾಮ್‌ನ ಮೇಲೆ ತುಕ್ಕು ತಡೆಯಲು ಬಳಿದ ಅಂಟು ಎಣ್ಣೆ ಇರುತ್ತದೆ. ಅದು ಲೂಬ್ರಿಕಂಟ್ ಅಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಗಾಳಿ ಹೊಡೆದು, ನಾರು ಬಿಡದ ಬಟ್ಟೆಯಿಂದ ಒರೆಸಿ. ಕೆಲವು ಕ್ಯಾಮ್‌ಗಳ ಲೋಬ್ ಮಂಕು ಕಪ್ಪಾಗಿರುತ್ತದೆ. ಅದು ಫಾಸ್ಫೇಟ್ ಲೇಪ, ಎಣ್ಣೆ ಹಿಡಿದಿಟ್ಟುಕೊಳ್ಳಲೆಂದೇ ಮಾಡಿದ್ದು. ಕೊಳೆ ಎಂದುಕೊಂಡು ತಿಕ್ಕಿ ತೆಗೆಯಬೇಡಿ.

ಲೋಬ್‌ಗಳಿಗೆ ಮತ್ತು ಟ್ಯಾಪೆಟ್‌ನ ತಳಕ್ಕೆ ಮಾಲಿಬ್ಡಿನಂ ಡೈಸಲ್ಫೈಡ್ ಇರುವ ಅಸೆಂಬ್ಲಿ ಪೇಸ್ಟನ್ನು ಧಾರಾಳವಾಗಿ ಬಳಿಯಿರಿ. ಬೂದು ಕಪ್ಪು ಬಣ್ಣ, ಕೈಗೆ ಹತ್ತಿದರೆ ಬೇಗ ಹೋಗುವುದಿಲ್ಲ. ಟ್ಯಾಪೆಟ್‌ನ ಮೈಗೆ, ಕ್ಯಾಮ್‌ನ ಬೇರಿಂಗ್ ಜರ್ನಲ್‌ಗಳಿಗೆ, ಡಿಸ್ಟ್ರಿಬ್ಯೂಟರ್ ಗೇರ್‌ಗೆ ಬರೀ ಎಂಜಿನ್ ಆಯಿಲ್ ಸಾಕು. ಪೇಸ್ಟ್ ಟ್ಯಾಪೆಟ್‌ನ ಮೈಗೆ ಹತ್ತಿದರೆ ತೂತಿನಲ್ಲಿ ಅಂಟಿ, ತಿರುಗುವುದಕ್ಕೇ ಅಡ್ಡಿ. ಸಾಮಾನ್ಯ ವೀಲ್ ಬೇರಿಂಗ್ ಗ್ರೀಸ್ ಇಲ್ಲಿ ಸಲ್ಲದು. ಅದು ಎಣ್ಣೆಯಲ್ಲಿ ಸರಿಯಾಗಿ ಕರಗದೆ ತೂತು ಕಟ್ಟಬಹುದು.

ಎಂಜಿನ್ ಕಟ್ಟಿ ಒಂದೆರಡು ತಿಂಗಳು ಮೂಲೆಯಲ್ಲಿಟ್ಟರೆ ಪೇಸ್ಟ್ ಮೆಲ್ಲಗೆ ಕೆಳಗಿಳಿಯುತ್ತದೆ. ಈ ಎಂಜಿನ್ನಿನಲ್ಲಿ ಅದಕ್ಕೊಂದು ಅನುಕೂಲ ಇದೆ: ಮ್ಯಾನಿಫೋಲ್ಡ್ ಇರುವ ಕಡೆ ಬ್ಲಾಕಿನ ಪಕ್ಕದಲ್ಲಿ ಎರಡು ಟ್ಯಾಪೆಟ್ ಕವರ್ ಇವೆ. ಸ್ಟಾರ್ಟ್ ಮಾಡುವ ದಿನ ಅವನ್ನು ಬಿಚ್ಚಿ, ಪುಶ್‌ರಾಡ್ ತೆಗೆದು, ಟ್ಯಾಪೆಟ್ ಮೇಲಕ್ಕೆತ್ತಿ ಮತ್ತೆ ಪೇಸ್ಟ್ ಬಳಿಯಬಹುದು. ಹೆಡ್ ಬಿಚ್ಚಬೇಕಿಲ್ಲ.

ಅದೇ ಕವರ್ ತೆರೆದಿರುವಾಗ, ಪುಶ್‌ರಾಡ್ ಮತ್ತು ರಾಕರ್ ಜೋಡಿಸಿದ ಮೇಲೆ, ಪ್ರತಿ ಟ್ಯಾಪೆಟ್‌ನ ಮೈಮೇಲೆ ಮಾರ್ಕರ್‌ನಿಂದ ಒಂದು ನಿಂತ ಗೆರೆ ಎಳೆಯಿರಿ. ಇನ್ನೊಬ್ಬರು ಹ್ಯಾಂಡಲ್ ಹಾಕಿ ಎಂಜಿನ್‌ನ್ನು ಎರಡು ಸುತ್ತು ತಿರುಗಿಸಲಿ. ಗೆರೆಗಳು ಪಕ್ಕಕ್ಕೆ ಸರಿಯಬೇಕು. ಯಾವುದಾದರೂ ಒಂದು ಇದ್ದಲ್ಲೇ ಇದ್ದರೆ ಅಲ್ಲಿಗೇ ನಿಲ್ಲಿಸಿ, ಆ ಟ್ಯಾಪೆಟ್ ತೆಗೆದು ನೋಡಿ. ಎರಡೇ ಸುತ್ತು ಸಾಕು. ಸುಮ್ಮನೆ ತಿರುಗಿಸುತ್ತಾ ಹೋದರೆ ಬಳಿದ ಪೇಸ್ಟೆಲ್ಲ ಒರೆಸಿಹೋಗುತ್ತದೆ.

ಗ್ಯಾಪ್ ಕೂರಿಸುವುದು, ಬರೆದಿಡುವುದು

ಈ ಎಂಜಿನ್‌ಗೆ ರಾಕರ್ ಮತ್ತು ವಾಲ್ವ್ ನಡುವೆ ಸಾಮಾನ್ಯವಾಗಿ 15 ಥೌ ಗ್ಯಾಪ್. ನಿಮ್ಮದು ರೀಗ್ರೈಂಡ್ ಕ್ಯಾಮ್ ಆದರೆ ಗ್ರೈಂಡ್ ಮಾಡಿದವರು ಕೊಟ್ಟ ಅಳತೆಯೇ ಪ್ರಮಾಣ. ಹಳೇ ಮೇಸ್ತ್ರಿಗಳು ಬಳಸುವ ಒಂಬತ್ತರ ಲೆಕ್ಕ ಇಲ್ಲಿ ಬಹಳ ಸಲೀಸು: ತೆರೆದಿರುವ ವಾಲ್ವ್‌ನ ನಂಬರನ್ನು 9ರಿಂದ ಕಳೆದರೆ ಅಡ್ಜಸ್ಟ್ ಮಾಡಬೇಕಾದ ವಾಲ್ವ್ ಸಿಗುತ್ತದೆ. 8 ಪೂರಾ ತೆರೆದಾಗ 1, 6 ತೆರೆದಾಗ 3, 4 ತೆರೆದಾಗ 5, 7 ತೆರೆದಾಗ 2, ಆಮೇಲೆ 1 ತೆರೆದಾಗ 8, 3ಕ್ಕೆ 6, 5ಕ್ಕೆ 4, 2ಕ್ಕೆ 7. ಈ ಸಾಲಿನಲ್ಲೇ ಹೋದರೆ ಕ್ರ್ಯಾಂಕ್ ಎರಡು ಸುತ್ತು ಮುಗಿಯುವಷ್ಟರಲ್ಲಿ ಎಂಟೂ ಮುಗಿಯುತ್ತವೆ.

ಎಂಟೂ ಗ್ಯಾಪ್‌ಗಳನ್ನು ಒಂದು ಕಾಗದದಲ್ಲಿ ಬರೆದಿಡಿ. ಗ್ಯಾಪನ್ನು ಎಣ್ಣೆಯ ಒತ್ತಡದಿಂದ ತಾನೇ ತುಂಬಿಕೊಳ್ಳುವ ಹೈಡ್ರಾಲಿಕ್ ಟ್ಯಾಪೆಟ್ ಇರುವ ಎಂಜಿನ್‌ಗಳಿಗೆ ಇಲ್ಲದ ಸೌಲಭ್ಯ ಇದು: ಲೋಬ್ ಸವೆದರೆ ಗ್ಯಾಪ್ ತಾನಾಗಿ ಹೆಚ್ಚುತ್ತದೆ, ಫೀಲರ್ ಗೇಜ್ ಅದನ್ನು ನೇರವಾಗಿ ಹೇಳಿಬಿಡುತ್ತದೆ.

ಸ್ಪ್ರಿಂಗ್ ವಿಷಯ ಚಿಕ್ಕದು. ಕಂಪನಿಯ ಸಾಮಾನ್ಯ ಸ್ಪ್ರಿಂಗ್‌ಗಳು ಹಗುರ, ಹಾಗೇ ಇರಲಿ. ರೇಸಿಂಗ್ ಕ್ಯಾಮ್ ಜೊತೆ ಗಟ್ಟಿ ಜೋಡಿ ಸ್ಪ್ರಿಂಗ್ ಹಾಕಿದ್ದರೆ ಮಾತ್ರ, ಈ ಮೊದಲ ಓಟಕ್ಕೆ ಒಳಗಿನ ಸ್ಪ್ರಿಂಗ್ ತೆಗೆದು, ಮುಗಿದ ಮೇಲೆ ಹಾಕಿ. ಅಮೆರಿಕದ ದೊಡ್ಡ ವಿ8 ಎಂಜಿನ್‌ಗಳಲ್ಲಿ ಹೀಗೇ ಮಾಡುತ್ತಾರೆ.

ಯಾವ ಆಯಿಲ್

ಲೋಬ್ ಮತ್ತು ಟ್ಯಾಪೆಟ್ ನಡುವೆ ಎಣ್ಣೆಯ ಪದರ ಹರಿದಾಗ ಲೋಹವನ್ನು ಉಳಿಸುವುದು ಜಿಂಕ್ ಮತ್ತು ಫಾಸ್ಫರಸ್ ಇರುವ ಒಂದು ಸಂಯುಕ್ತ. ಗ್ಯಾರೇಜಿನಲ್ಲಿ ಅದನ್ನು ಜಿಂಕ್ ಎಂದೇ ಕರೆಯುತ್ತಾರೆ, ಡಬ್ಬದ ಮೇಲೆ ಝಡ್‌ಡಿಡಿಪಿ ಎಂದಿರುತ್ತದೆ. ಶಾಖ ಮತ್ತು ಒತ್ತಡಕ್ಕೆ ಅದು ಒಡೆದು ಕಬ್ಬಿಣದ ಮೇಲೆ ಗಾಜಿನಂಥ ತೆಳು ಪದರ ಕಟ್ಟುತ್ತದೆ. ಲೋಹದ ಬದಲು ಆ ಪದರ ಸವೆಯುತ್ತದೆ.

ಆದರೆ ಫಾಸ್ಫರಸ್ ಹೊಗೆ ಶುದ್ಧ ಮಾಡುವ ಕೆಟಲಿಟಿಕ್ ಕನ್ವರ್ಟರ್‌ಗೆ ವಿಷ. ಹಾಗಾಗಿ ಹೊಸ ಪೆಟ್ರೋಲ್ ಕಾರುಗಳ ಆಯಿಲ್‌ನಲ್ಲಿ ಅದನ್ನು ಇಳಿಸುತ್ತಾ ಬಂದರು. ಡಬ್ಬದ ಮೇಲೆ ಎಪಿಐ ದರ್ಜೆ ಎಸ್‌ಎನ್, ಎಸ್‌ಪಿ ಎಂದಿರುವ 5ಡಬ್ಲ್ಯೂ-30, 0ಡಬ್ಲ್ಯೂ-20 ಆಯಿಲ್‌ಗಳಲ್ಲಿ ಫಾಸ್ಫರಸ್ 600ರಿಂದ 800 ಪಿಪಿಎಂ ಒಳಗೆ. ಇಂದಿನ ಕಾರಿಗೆ ಅದು ಸಾಕು. ಹೊಸ ಫ್ಲ್ಯಾಟ್ ಟ್ಯಾಪೆಟ್‌ಗೆ ಸಾಲದು. ದುಬಾರಿ ಸಿಂಥೆಟಿಕ್ ಹಾಕಿದರೆ ಎಂಜಿನ್‌ಗೆ ಒಳ್ಳೆಯದಾಗುತ್ತದೆ ಎಂಬ ಆಸೆಯನ್ನು ಈ ಅರ್ಧ ಗಂಟೆಯ ಮಟ್ಟಿಗಾದರೂ ಬಿಡಿ.

ಬ್ರೇಕ್‌ಇನ್ ಆಯಿಲ್ ಎಂದೇ ಮಾರುವ ಮಿನರಲ್ ಆಯಿಲ್ ಸಿಕ್ಕಿದರೆ ಅದೇ ಅತ್ಯುತ್ತಮ. ಸಿಗದಿದ್ದರೆ ಲಾರಿ, ಟ್ರ್ಯಾಕ್ಟರ್‌ಗೆ ಹಾಕುವ 15ಡಬ್ಲ್ಯೂ-40 ಮಿನರಲ್ ಡೀಸೆಲ್ ಆಯಿಲ್, ಸಿಐ-4 ಅಥವಾ ಸಿಐ-4 ಪ್ಲಸ್ ಎಂದು ಬರೆದಿರುವುದು, ತಾಲ್ಲೂಕು ಕೇಂದ್ರದ ಅಂಗಡಿಯಲ್ಲೂ ಸಿಗುತ್ತದೆ. ಡೀಸೆಲ್ ಆಯಿಲ್ ಪೆಟ್ರೋಲ್ ಎಂಜಿನ್‌ಗೆ ಹಾಕಬಾರದು ಎಂಬುದು ಈ ಎಂಜಿನ್ನಿನ ಮಟ್ಟಿಗೆ ಸುಮ್ಮನೆ ಹೆದರಿಕೆ. ಅದಕ್ಕೆ ಜಿಂಕ್ ಅಡಿಟಿವ್ ಬೆರೆಸುವುದಾದರೆ ಬಾಟಲಿಯ ಮೇಲಿನ ಅಳತೆಯಷ್ಟೇ ಬೆರೆಸಿ. ಎರಡರಷ್ಟು ಹಾಕಿದರೆ ಎರಡರಷ್ಟು ರಕ್ಷಣೆ ಸಿಗುವುದಿಲ್ಲ. ಅಳತೆ ಮೀರಿದ ಜಿಂಕ್ ಲೋಹಕ್ಕೇ ತೊಂದರೆ ಕೊಡುತ್ತದೆ.

ಎಣ್ಣೆ ಮೇಲೆ ತರುವುದು

ಅಮೆರಿಕದ ಹಲವು ವಿ8ಗಳಲ್ಲಿ ಡಿಸ್ಟ್ರಿಬ್ಯೂಟರ್ ತೆಗೆದು, ಡ್ರಿಲ್ ಮೆಷಿನ್‌ಗೆ ಉದ್ದ ಸರಳು ಸಿಕ್ಕಿಸಿ ಆಯಿಲ್ ಪಂಪ್ ಒಂದನ್ನೇ ತಿರುಗಿಸುತ್ತಾರೆ. ನಮ್ಮ ಎಂಜಿನ್ನಿನಲ್ಲಿ ಅದು ಆಗದು. ಪಂಪ್‌ಗೆ ಕ್ಯಾಮ್‌ನಿಂದ ಬೇರೆಯೇ ಡ್ರೈವ್ ಇದೆ. ಪಂಪ್ ತಿರುಗಬೇಕಾದರೆ ಕ್ಯಾಮ್ ತಿರುಗಲೇಬೇಕು. ಹಾಗಾಗಿ ಎಣ್ಣೆಯನ್ನು ಹೊರಗಿನಿಂದ ತಳ್ಳುವುದು ಮೇಲು.

ತೋಟಕ್ಕೆ ಔಷಧಿ ಹೊಡೆಯುವ ಚಿಕ್ಕ ಕೈಪಂಪು, ಗಾಳಿ ತುಂಬಿ ಒತ್ತಡ ಕೊಡುವಂಥದ್ದು, ಹೊಸದನ್ನೇ ತನ್ನಿ. ಒಮ್ಮೆ ಔಷಧಿ ಹಾಕಿದ್ದು ಬೇಡ. ಬ್ಲಾಕಿನಲ್ಲಿ ಆಯಿಲ್ ಪ್ರೆಶರ್ ಗೇಜಿನ ಪೈಪ್ ಕೂರುವ ಯೂನಿಯನ್ ಇದೆಯಲ್ಲ, ಅದಕ್ಕೆ ಒಗ್ಗುವ ಹಳೇ ಯೂನಿಯನ್ ಒಂದನ್ನು ಪಂಪಿನ ಪೈಪ್‌ಗೆ ಕ್ಲಿಪ್ ಹಾಕಿ ಬಿಗಿಯಿರಿ. ಲೀಟರಿನಷ್ಟು ಆಯಿಲ್ ಹಾಕಿ, ಅರ್ಧ ದಿನ ಬಿಸಿಲಲ್ಲಿಟ್ಟರೆ ತೆಳುವಾಗಿ ಬೇಗ ಹರಿಯುತ್ತದೆ. ಒತ್ತಡ ಕೊಟ್ಟು ಗ್ಯಾಲರಿಗೆ, ಅಂದರೆ ಬ್ಲಾಕಿನೊಳಗಿನ ಎಣ್ಣೆಯ ದಾರಿಗೆ, ಎಣ್ಣೆ ಬಿಡಿ. ಪಂಪು ತಡೆಯುವಷ್ಟೇ ಒತ್ತಡ, ಅವಸರ ಬೇಡ. ಮೇನ್ ಬೇರಿಂಗ್, ಬಿಗ್ ಎಂಡ್, ಕ್ಯಾಮ್ ಬೇರಿಂಗ್ ತುಂಬಿದ ಮೇಲೆ ರಾಕರ್‌ಗಳಲ್ಲಿ ಎಣ್ಣೆ ಜಿನುಗುತ್ತದೆ. ರಾಕರ್‌ಗೆ ಬಾರದಿದ್ದರೆ ಹ್ಯಾಂಡಲ್‌ನಲ್ಲಿ ಕಾಲು ಸುತ್ತು ತಿರುಗಿಸಿ ಮತ್ತೆ ನೋಡಿ.

ಆಯಿಲ್ ಪಂಪ್ ಜೋಡಿಸುವಾಗಲೇ ಒಳಗೆ ಪೆಟ್ರೋಲಿಯಂ ಜೆಲ್ಲಿ ತುಂಬಿದ್ದರೆ ಅದು ಮೊದಲ ತಿರುವಿಗೇ ಎಣ್ಣೆ ಹೀರುತ್ತದೆ. ಫಿಲ್ಟರ್ ಬೌಲ್‌ಗೂ ಎಣ್ಣೆ ತುಂಬಿ. ಕೈಪಂಪು ಸಿಗಲೇ ಇಲ್ಲ ಎಂದಾದರೆ ನಾಲ್ಕೂ ಪ್ಲಗ್ ಬಿಚ್ಚಿ, ಸೆಲ್ಫ್ (ಸ್ಟಾರ್ಟರ್ ಮೋಟರ್) ಅನ್ನು ಚಿಕ್ಕ ಚಿಕ್ಕದಾಗಿ ಹೊಡೆದು ಗೇಜ್ ಏಳುವ ತನಕ ನೋಡಿ. ಪ್ಲಗ್ ಇಲ್ಲದಿದ್ದರೆ ಎಂಜಿನ್ ಬೇಗ ತಿರುಗುತ್ತದೆ, ಗೇಜ್ ಬೇಗ ಏಳುತ್ತದೆ. ಗೇಜ್ ಎದ್ದ ಕೂಡಲೇ ನಿಲ್ಲಿಸಿ.

ಕೊನೆಗೆ ರಾಕರ್ ಕವರ್ ತೆಗೆದು ಅರ್ಧ ಲೀಟರ್ ಆಯಿಲ್ ರಾಕರ್‌ಗಳ ಮೇಲೆ ಉದ್ದಕ್ಕೆ ಸುರಿಯಿರಿ. ಅದು ಪುಶ್‌ರಾಡ್ ತೂತುಗಳಲ್ಲಿ ಇಳಿದು ಟ್ಯಾಪೆಟ್‌ಗಳನ್ನು ತೋಯಿಸುತ್ತದೆ. ಇದನ್ನೂ ಲೆಕ್ಕಕ್ಕೆ ಹಿಡಿದು ಡಿಪ್‌ಸ್ಟಿಕ್ ನೋಡಿ.

ಮೊದಲ ಸೆಲ್ಫ್‌ಗೇ ಹೊತ್ತಿಕೊಳ್ಳಬೇಕು

ಸೆಲ್ಫ್ ಹೊಡೆಯುತ್ತಾ ನಿಂತ ಪ್ರತಿ ಸೆಕೆಂಡೂ ಐಡ್ಲಿಂಗ್‌ಗಿಂತ ಕೆಟ್ಟದ್ದು, ಏಕೆಂದರೆ ಆಗ ಎರಚುವ ಎಣ್ಣೆಯೇ ಇರುವುದಿಲ್ಲ. ಆದ್ದರಿಂದ ಕಿಡಿ, ಪೆಟ್ರೋಲ್, ನೀರು ಮೂರೂ ಮೊದಲೇ ಸರಿಯಾಗಿರಬೇಕು.

ಡಿಸ್ಟ್ರಿಬ್ಯೂಟರ್‌ನ ಪಾಯಿಂಟ್ ಗ್ಯಾಪ್ 14ರಿಂದ 16 ಥೌ. ಒಂದನೇ ಸಿಲಿಂಡರ್ ಕಂಪ್ರೆಶನ್‌ನಲ್ಲಿದೆಯೋ ಎಗ್ಸಾಸ್ಟ್‌ನಲ್ಲಿದೆಯೋ ಎಂದು ಪ್ಲಗ್ ತೂತಿಗೆ ಬೆರಳಿಟ್ಟು ಖಾತ್ರಿ ಮಾಡಿಕೊಳ್ಳಿ. ಡಿಸ್ಟ್ರಿಬ್ಯೂಟರ್ ಅರ್ಧ ಸುತ್ತು ತಪ್ಪಿ ಕೂತು, ಸೆಲ್ಫ್ ಹೊಡೆದು ಹೊಡೆದು ಕ್ಯಾಮ್ ಹಾಳಾಗುವುದು ಇಲ್ಲೇ. ಟೆಸ್ಟ್ ಲ್ಯಾಂಪ್ ಹಾಕಿ ಸ್ಟ್ಯಾಟಿಕ್ ಟೈಮಿಂಗ್ ಮ್ಯಾನುಯಲ್ ಅಳತೆಗೆ ಕೂರಿಸಿ. ವೈರ್ ಸಾಲು 1-3-4-2. ಟೈಮಿಂಗ್ ಹಿಂದೆ ಬಿದ್ದಿದ್ದರೆ ಅರ್ಧ ಗಂಟೆಯ ಓಟದಲ್ಲಿ ಎಗ್ಸಾಸ್ಟ್ ಮ್ಯಾನಿಫೋಲ್ಡ್ ಕೆಂಪಗೆ ಕಾಯುತ್ತದೆ.

ಕಾರ್ಬ್ಯುರೇಟರ್ ಬೌಲ್ ತುಂಬಿರಲಿ. ಥ್ರಾಟಲ್ ಸ್ಟಾಪ್ ಸ್ಕ್ರೂ ಮೊದಲೇ ಒಳಕ್ಕೆ ತಿರುಗಿಸಿಡಿ. ಹೊತ್ತಿಕೊಂಡಾಗ ಎಂಜಿನ್ ತಾನಾಗಿ 1800 ದಾಟಬೇಕು. ಚೋಕ್ ಬೇಕಾದಷ್ಟೇ. ಅತಿಯಾದರೆ ಪೆಟ್ರೋಲ್ ಬೋರ್‌ನ ಎಣ್ಣೆ ತೊಳೆದು ಚೇಂಬರ್‌ಗೆ (ಕೆಳಗಿನ ಆಯಿಲ್ ತೊಟ್ಟಿಗೆ) ಇಳಿಯುತ್ತದೆ.

ರೇಡಿಯೇಟರ್ ತುಂಬಿ, ಹೋಸ್ ಹಿಚುಕಿ ಗಾಳಿ ತೆಗೆಯಿರಿ. ನಿಂತ ಗಾಡಿ 2000ದಲ್ಲಿ ಅರ್ಧ ಗಂಟೆ ಓಡಿದರೆ ಕಾಯುತ್ತದೆ, ಅದಕ್ಕೇ ಮದುವೆ ಛತ್ರದಲ್ಲಿ ಇಡುವಂಥ ದೊಡ್ಡ ಪೆಡೆಸ್ಟಲ್ ಫ್ಯಾನ್ ಒಂದನ್ನು ಗ್ರಿಲ್ ಮುಂದೆ ಇಡಿ. ಗಾಡಿ ಬಯಲಲ್ಲಿರಲಿ, ಮುಚ್ಚಿದ ಶೆಡ್‌ನಲ್ಲಿ ಹೊಗೆ ಜೀವಕ್ಕೇ ಅಪಾಯ. ಚಕ್ರಕ್ಕೆ ಕಲ್ಲು, ಗೇರ್ ನ್ಯೂಟ್ರಲ್, ಕೈಗೆ ಸಿಗುವಂತೆ ಬೆಂಕಿ ಆರಿಸುವ ಸಿಲಿಂಡರ್, ಪೂರ್ತಿ ಚಾರ್ಜ್ ಆದ ಬ್ಯಾಟರಿ.

ಅಂಬಾಸಿಡರ್ ಡ್ಯಾಶ್‌ಬೋರ್ಡಿನಲ್ಲಿ ಆರ್‌ಪಿಎಂ ಮೀಟರ್ ಇಲ್ಲ. ಕಿವಿಯ ಮೇಲೆ ನಂಬಿಕೆ ಇಟ್ಟು 2000 ಎಂದುಕೊಂಡದ್ದು 1300 ಆಗಿರಬಹುದು. ಪಾಯಿಂಟ್ ಗಾಡಿಗಳ ಹಳೇ ಡ್ವೆಲ್ ಟ್ಯಾಕೋಮೀಟರ್ ಸಿಕ್ಕಿದರೆ ಕಾಯಿಲ್‌ಗೆ ಹಾಕಿ, ನಾಲ್ಕು ಸಿಲಿಂಡರ್‌ಗೆ ಇಡಿ. ಪ್ಲಗ್ ವೈರ್‌ಗೆ ಸುತ್ತುವ ಬೈಕ್ ಮೀಟರ್ ಬಳಸುವುದಾದರೆ ಒಂದು ಲೆಕ್ಕ ನೆನಪಿರಲಿ: ಇಲ್ಲಿ ಒಂದು ಪ್ಲಗ್ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಮಾತ್ರ ಕಿಡಿ ಹಾರಿಸುತ್ತದೆ. ಸುತ್ತಿಗೊಂದು ಕಿಡಿ ಎಂದು ಎಣಿಸುವ ಮೀಟರ್ ಅರ್ಧದಷ್ಟೇ ತೋರಿಸುತ್ತದೆ. ಅದರಲ್ಲಿ 1000 ಕಂಡರೆ ನಿಜವಾದದ್ದು 2000.

ಓಟ

ಇಬ್ಬರು ಬೇಕು. ಒಬ್ಬರು ಸೀಟಿನಲ್ಲಿ, ಗೇಜ್ ಮತ್ತು ಆಕ್ಸಿಲರೇಟರ್ ನೋಡಿಕೊಳ್ಳಲು. ಇನ್ನೊಬ್ಬರು ಬಾನೆಟ್ ಹತ್ತಿರ.

ಸೆಲ್ಫ್ ಹೊಡೆಯಿರಿ. ಹೊತ್ತಿಕೊಂಡ ಕೂಡಲೇ 2000ಕ್ಕೆ ಏರಿಸಿ, ಆಯಿಲ್ ಪ್ರೆಶರ್ ನೋಡಿ. ಕೆಲವೇ ಸೆಕೆಂಡಿನಲ್ಲಿ ಮುಳ್ಳು ಏಳದಿದ್ದರೆ ಆಫ್ ಮಾಡಿ. ಐದಾರು ಸೆಕೆಂಡ್ ಸೆಲ್ಫ್ ಹೊಡೆದರೂ ಹೊತ್ತಿಕೊಳ್ಳದಿದ್ದರೆ ನಿಲ್ಲಿಸಿ, ಕಾರಣ ಹುಡುಕಿ, ಆಮೇಲೆ ಮತ್ತೆ ಹೊಡೆಯಿರಿ. ಬಹಳ ಹೊತ್ತು ಸೆಲ್ಫ್ ಹೊಡೆದಿದ್ದರೆ ಪಕ್ಕದ ಕವರ್ ಬಿಚ್ಚಿ ಪೇಸ್ಟ್ ಮತ್ತೆ ಬಳಿಯುವುದೇ ಕ್ಷೇಮ.

ಒಂದೇ ಆರ್‌ಪಿಎಂನಲ್ಲಿ ಹಿಡಿದು ನಿಲ್ಲಬೇಡಿ. 1800ರಿಂದ 2500ರ ನಡುವೆ ಮೆಲ್ಲಗೆ ಏರಿಸಿ ಇಳಿಸಿ, ನಡುನಡುವೆ 3000 ಮುಟ್ಟಿಸಿ. ವೇಗ ಬದಲಾದಾಗ ಎಣ್ಣೆ ಎರಚುವ ಕೋನ ಬದಲಾಗಿ ಎಲ್ಲ ಲೋಬ್‌ಗಳಿಗೂ ಸಿಗುತ್ತದೆ. ಯಾವ ಕಾರಣಕ್ಕೂ 1500ಕ್ಕಿಂತ ಕೆಳಗೆ ಬಿಡಬೇಡಿ.

ಮೊದಲ ನಿಮಿಷಗಳಲ್ಲಿ ಪೇಂಟ್ ಸುಟ್ಟ ವಾಸನೆ, ಮ್ಯಾನಿಫೋಲ್ಡಿಗೆ ಬಿದ್ದ ಎಣ್ಣೆಯ ಹೊಗೆ ಬರುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ನೀರು ಅಥವಾ ಪೆಟ್ರೋಲ್ ಸೋರಿದರೆ, ಮುಳ್ಳು ಕೆಳಗಿಳಿದರೆ, ಎಂಜಿನ್ ಕಾಯ್ದರೆ ಐಡ್ಲಿಂಗ್‌ಗೆ ಇಳಿಸಿ ಯೋಚಿಸುತ್ತಾ ನಿಲ್ಲಬೇಡಿ. ಕೀ ಆಫ್ ಮಾಡಿ. ಆಫ್ ಆದ ಎಂಜಿನ್‌ಗೆ ಏನೂ ಆಗುವುದಿಲ್ಲ. ಸರಿಮಾಡಿ, ಮತ್ತೆ ಹೊತ್ತಿಸಿ, ನೇರ 2000ಕ್ಕೆ ಏರಿಸಿ, ಉಳಿದ ನಿಮಿಷ ಪೂರೈಸಿ.

ಎಂಜಿನ್ ಕಾದ ಮೇಲೆ, ಎಣ್ಣೆ ಎರಚಿಸಿಕೊಳ್ಳಲು ಮನಸ್ಸಿದ್ದರೆ, ರಾಕರ್ ಕವರ್ ತೆಗೆದು ಪುಶ್‌ರಾಡ್ ನೋಡಿ. ಪ್ರತಿ ಪುಶ್‌ರಾಡ್‌ನ ಮೇಲ್ತುದಿಗೆ ಮೊದಲೇ ಬಿಳಿ ಪೇಂಟ್‌ನ ಒಂದು ಚುಕ್ಕಿ ಇಟ್ಟಿರಿ. ಟ್ಯಾಪೆಟ್ ತಿರುಗುತ್ತಿದ್ದರೆ ಸಾಮಾನ್ಯವಾಗಿ ಪುಶ್‌ರಾಡೂ ಅದರ ಜೊತೆ ತಿರುಗುತ್ತದೆ. ಚುಕ್ಕಿ ಒಮ್ಮೆ ನಿಮ್ಮ ಕಡೆ, ಒಮ್ಮೆ ಹಿಂದೆ ಹೋಗುತ್ತಾ ಬರುತ್ತದೆ. ಎಂಟೂ ಒಂದೇ ವೇಗದಲ್ಲಿ ತಿರುಗಬೇಕೆಂದಿಲ್ಲ. ಏಳು ತಿರುಗಿ ಒಂದು ಸ್ವಲ್ಪವೂ ಕದಲದಿದ್ದರೆ ಓಟ ನಿಲ್ಲಿಸಿ, ಆ ಟ್ಯಾಪೆಟ್ ತೆಗೆದು ತಳ ನೋಡಿ. ತಳದಲ್ಲಿ ಸುತ್ತು ಸುತ್ತಾದ ಸಣ್ಣ ಗುರುತು ಇದ್ದರೆ ತಿರುಗಿದೆ, ನೇರ ಗೆರೆ ಬಿದ್ದಿದ್ದರೆ ತಿರುಗಿಲ್ಲ.

ಟಕ್ ಟಕ್ ಸದ್ದು ಹೊಸದಾಗಿ ಹುಟ್ಟಿ ಜೋರಾಗುತ್ತಾ ಹೋದರೆ, ಒಂದು ಸಿಲಿಂಡರ್ ಮಿಸ್ ಆಗಲು ಶುರುವಾದರೆ ಇನ್ನೂ ಐದು ನಿಮಿಷ ನೋಡೋಣ ಎನ್ನಬೇಡಿ. ಒಂದು ಲೋಬ್‌ನ ಪುಡಿ ಎಣ್ಣೆಯ ಜೊತೆ ಹೋಗಿ ಹೊಸ ಬೇರಿಂಗ್‌ಗಳಲ್ಲಿ ಹೂತುಕೊಳ್ಳುತ್ತದೆ. ಆಮೇಲೆ ಕ್ಯಾಮ್ ಬದಲಿಸಿದರಷ್ಟೇ ಸಾಲದು, ಇಡೀ ಎಂಜಿನ್ ಬಿಚ್ಚಿ ತೊಳೆಯಬೇಕು.

ಹೊರೆಯಿಲ್ಲದೆ ಅರ್ಧ ಗಂಟೆ ಓಡಿಸಿದರೆ ಪಿಸ್ಟನ್ ರಿಂಗ್ ಕೂರುವುದಿಲ್ಲ, ಬೋರ್ ಗ್ಲೇಜ್ ಆಗುತ್ತದೆ (ಹೊಳಪು ಕಟ್ಟಿ ನುಣುಪಾಗುತ್ತದೆ) ಎಂಬ ಆಕ್ಷೇಪ ಬರುತ್ತದೆ. ರಿಂಗ್‌ಗೆ ಹೊರೆ ಬೇಕು ಎಂಬುದು ನಿಜ. ಆದರೆ ಸರಿಯಾಗಿ ಹೋನಿಂಗ್ ಆದ ಬೋರ್, ವೇಗ ಬದಲಿಸುತ್ತಾ ಓಡಿಸಿದ ಅರ್ಧ ಗಂಟೆಗೆ ಕೆಡುವುದಿಲ್ಲ. ಮೊದಲು ಕ್ಯಾಮ್, ಅದೇ ದಿನ ಅಥವಾ ಮರುದಿನ ರಸ್ತೆಯಲ್ಲಿ ರಿಂಗ್.

ಓಟ ಮುಗಿದ ಮೇಲೆ

ಬಿಸಿ ಇರುವಾಗಲೇ ಚೇಂಬರ್ ಬೋಲ್ಟ್ ಬಿಚ್ಚಿ ಎಣ್ಣೆ ಇಳಿಸಿ, ಫಿಲ್ಟರ್ ಬದಲಿಸಿ. ಅರ್ಧ ಗಂಟೆ ಓಡಿದ ಎಣ್ಣೆ ಎಂದು ಜಿಪುಣತನ ಬೇಡ. ಪೇಸ್ಟ್, ಹೋನಿಂಗ್‌ನ ಕಣ, ಲೋಹದ ಪುಡಿ ಎಲ್ಲ ಅದರಲ್ಲೇ ಇದೆ. ಎಣ್ಣೆ ಕಡುಗಪ್ಪಾಗಿದ್ದರೆ ಅದು ಪೇಸ್ಟಿನ ಬಣ್ಣ. ಫಿಲ್ಟರ್ ಕಾಗದ ಕತ್ತರಿಸಿ ಹರಡಿ, ಬಿಸಿಲಿಗೆ ಹಿಡಿದು, ಅಯಸ್ಕಾಂತ ಆಡಿಸಿ. ಬೂದು ಬಣ್ಣದ ನುಣುಪು ಪುಡಿ ಸಹಜ. ಬೆರಳಿಗೆ ಚುಚ್ಚುವ, ಮಿನುಗುವ ಚೂರುಗಳು ಅಯಸ್ಕಾಂತಕ್ಕೆ ಹತ್ತಿದರೆ ಗಾಡಿ ರಸ್ತೆಗಿಳಿಯಬಾರದು.

ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಎಂಟೂ ಗ್ಯಾಪ್ ಅಳೆದು ಆ ಕಾಗದಕ್ಕೆ ಹೋಲಿಸಿ. ಹೆಡ್ ನಟ್ ಬಿಗಿಯುವ ಮುನ್ನವೇ ಅಳೆಯಿರಿ. ಈ ಎಂಜಿನ್ನಿನಲ್ಲಿ ರಾಕರ್ ಪೆಡೆಸ್ಟಲ್‌ನ ಕೆಲವು ನಟ್‌ಗಳೇ ಹೆಡ್ ನಟ್‌ಗಳೂ ಆಗಿರುವುದರಿಂದ ಬಿಗಿದ ಮೇಲೆ ಅಳತೆ ಬದಲಾಗುತ್ತದೆ. ಎಲ್ಲವೂ ಒಂದೆರಡು ಥೌ ಅತ್ತಿತ್ತ ಆಗಿದ್ದರೆ ಚಿಂತೆಯಿಲ್ಲ. ಏಳು ಹಾಗೇ ಇದ್ದು ಒಂದೇ ಒಂದು 15ರಿಂದ 22ಕ್ಕೋ 25ಕ್ಕೋ ಹೋಗಿದ್ದರೆ ಆ ಲೋಬ್ ಹೋಗುತ್ತಿದೆ. ಸ್ಕ್ರೂ ತಿರುಗಿಸಿ ಮತ್ತೆ 15 ಮಾಡಿ ಸುಮ್ಮನಾಗಬೇಡಿ. ಪಕ್ಕದ ಕವರ್ ಬಿಚ್ಚಿ ಆ ಟ್ಯಾಪೆಟ್‌ನ ತಳ ನೋಡಿ. ಎಲ್ಲ ಸರಿಯಿದ್ದರೆ ಮ್ಯಾನುಯಲ್ ಹೇಳಿದ ಟಾರ್ಕ್‌ಗೆ ಹೆಡ್ ಬಿಗಿದು, ಗ್ಯಾಪ್ ಮರಳಿ ಕೂರಿಸಿ, ಥ್ರಾಟಲ್ ಸ್ಕ್ರೂ ಐಡ್ಲಿಂಗ್‌ಗೆ ಇಳಿಸಿ.

ಅದೇ ಬಗೆಯ ಜಿಂಕ್ ಇರುವ ಮಿನರಲ್ ಆಯಿಲ್ ತುಂಬಿ ರಸ್ತೆಗೆ ಇಳಿಸಿ. ಮೇಲಿನ ಗೇರಿನಲ್ಲಿ ಮಧ್ಯಮ ಹೊರೆ ಕೊಟ್ಟು ವೇಗ ಏರಿಸಿ, ಕಾಲು ತೆಗೆದು ತಾನಾಗಿ ಇಳಿಯಲು ಬಿಡಿ. ಹೀಗೆ ಹಲವು ಸಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಂತು ನಿಂತು ಹೋಗುವ ಸಂಜೆ ಹೊತ್ತಿಗೆ ಮೊದಲ ಓಡಾಟ ಇಟ್ಟುಕೊಳ್ಳಬೇಡಿ. ಬೆಳಿಗ್ಗೆ ಬೇಗ ಹೊರಟು ತುಮಕೂರು ರಸ್ತೆಯಲ್ಲೋ ಮೈಸೂರು ರಸ್ತೆಯಲ್ಲೋ ಊರು ದಾಟಿ ಬನ್ನಿ. 500 ಕಿ.ಮೀ. ಆದಾಗ ಮತ್ತೊಮ್ಮೆ ಆಯಿಲ್, ಫಿಲ್ಟರ್ ಬದಲಿಸಿ, ಗ್ಯಾಪ್ ಅಳೆದು ಅದೇ ಕಾಗದದಲ್ಲಿ ಮೂರನೇ ಸಾಲು ಬರೆಯಿರಿ. ಆಮೇಲೂ ಈ ಎಂಜಿನ್‌ಗೆ ಜಿಂಕ್ ಸಾಕಷ್ಟಿರುವ 20ಡಬ್ಲ್ಯೂ-50 ಅಥವಾ 15ಡಬ್ಲ್ಯೂ-40 ಆಯಿಲ್ಲೇ ಇರಲಿ. ಆಯಿಲ್ ಬದಲಿಸಲು ಬೇರೆಯವರ ಕೈಗೆ ಗಾಡಿ ಕೊಡುವಾಗ ಗ್ರೇಡ್ ಬರೆದ ಚೀಟಿಯೊಂದನ್ನು ರಾಕರ್ ಕವರ್‌ಗೆ ಕಟ್ಟಿ ಕೊಡಿ.